ಮಾಳಿಗೆಯ ಮೇಲೊಂದು ಹೊಳೆದಂಡೆ

ಹೋದ ತಿಂಗಳು ಚಿಕ್ಕೋಡಿಯಿಂದ ನಿಪ್ಪಾಣಿಗೆ ಹೊರಟ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದೆ. ರಸ್ತೆಬದಿಯ ಗಾಣದಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು. ಆ ವಾಸನೆ ಒಳಗೆ ನುಗ್ಗಿದ್ದೇ ತಡ, ಕಾಕೂ ನೆನಪಾದರು. ಬಿಸಿ ಬೆಲ್ಲದ ವಾಸನೆ ಬಂದರೆ ಸಾಕು, ಅವರು ಹಿಟ್ಟಿನ ಗಿರಣಿಯನ್ನು ನಿಲ್ಲಿಸಿ ಹೊರಗೆ ಬಂದು ನಿಲ್ಲುತ್ತಿದ್ದರು...

ಆಗ ನಾನು ರಾಯಬಾಗ ತಾಲೂಕಿನಲ್ಲಿ, ಕೃಷ್ಣಾ ದಂಡೆಯ ಊರೊಂದರ ಬ್ಯಾಂಕಿನಲ್ಲಿದ್ದೆ. ಕಾಕೂ ನಮ್ಮ ಮನೆಯೊಡತಿ. ಕೆಳಗೆ ಅವರ ಗಿರಣಿ ಮತ್ತು ಮನೆ, ಮೇಲೆ ನಾವು, ಅದರ ಮೇಲೆ ಬಯಲು ಮಾಳಿಗೆ. ಗಂಡ ತೀರಿಕೊಂಡ ಮೇಲೆ ಗಿರಣಿಯನ್ನು ಒಬ್ಬರೇ ನಡೆಸುತ್ತಿದ್ದರು. ಹುಬ್ಬಿನ ಮೇಲೆ ಸದಾ ಜೋಳದ ಹಿಟ್ಟು.

ಮಗಳಿಗೆಂದು ಮಿರಜಿನಿಂದ ಒಂದು ಬ್ಯಾಟರಿ ರೈಲು ತಂದಿದ್ದೆ. ನಿಜ ಹೇಳಬೇಕೆಂದರೆ ನನಗೇ ತಂದುಕೊಂಡಿದ್ದೆ. ಪಡಸಾಲೆಯಲ್ಲಿ ಹಳಿ ಜೋಡಿಸಿ ಓಡಿಸುತ್ತಿದ್ದಾಗ ಕಾಕೂ ಬಂದರು. ಬಂದ ಕೆಲಸ ಮರೆತು ಕುಕ್ಕರಗಾಲಿನಲ್ಲಿ ಕೂತು ನೋಡತೊಡಗಿದರು.

"ಸರ, ಇದು ಬರೇ ಸುತ್ತ ತಿರಗತೈತೇನ್ರಿ? ಎಲ್ಲಿಗೂ ಹೋಗೂದಿಲ್ಲೇನು?"

ಆಟಿಕೆಯಲ್ಲವೇ ಎಂದು ನಕ್ಕೆ. ಅವರು ನಗಲಿಲ್ಲ.

"ಹೋಗಾಕ ಒಂದು ಜಾಗಾ ಮಾಡಿಕೊಡೂಣ್ರಿ" ಎಂದರು.

ಆ ಜಾಗ ಯಾವುದೆಂದು ಅಂದೇ ತಿಳಿಯಿತು. ಹೊಳೆದಂಡೆಯಲ್ಲಿ ಹಿಂದೆ ಸರಕು ತುಂಬಿಡುವ ಕಲ್ಲಿನ ವಖಾರಿಗಳ ಸಾಲೇ ಇತ್ತಂತೆ. ಆಚೆ ದಂಡೆಯ ಬೆಲ್ಲದ ಪೆಂಟಿಗಳು ದೋಣಿಯಲ್ಲಿ ಬಂದು ಅಲ್ಲಿ ಸೇರುತ್ತಿದ್ದವು. ಸ್ಟೇಷನ್ನಿನಿಂದ ಒಂದು ಹಳಿ ವಖಾರಿಯ ಬಾಗಿಲಿಗೇ ಬಂದಿತ್ತು, ರೈಲು ಅದರ ಮೇಲೆ ಬಂದು ಬೆಲ್ಲ ತುಂಬಿಕೊಂಡು ಹೋಗುತ್ತಿತ್ತು. ಕಾಕೂ ಅವರ ತಂದೆ ಅಲ್ಲಿನ ಕಾವಲುಗಾರ. ಮಕ್ಕಳು ಬೆಳೆದದ್ದು ಆ ಕಟ್ಟೆಗಳ ಮೇಲೆಯೇ. ರೈಲು ಬರುವುದು ನಿಂತ ಮೇಲೂ ಗೋಡೆಗಳು ಇದ್ದವು. ಮಹಾಪೂರದಲ್ಲಿ ಅವೂ ಕುಸಿದವು, ಕಲ್ಲುಗಳನ್ನು ಯಾರೋ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಹೋದರು. ಒಂದು ಫೋಟೋ ಕೂಡ ಉಳಿದಿರಲಿಲ್ಲ.

ಮರುದಿನ ಬೆಳಿಗ್ಗೆ ಮಾಳಿಗೆಗೆ ಹೋಗಿ ನೋಡಿದರೆ ಕಾಲಿಡಲು ಜಾಗವಿರಲಿಲ್ಲ. ನೀಲಿ ರಂಗೋಲಿಯಲ್ಲಿ ಕೃಷ್ಣೆ, ಬಿಳಿಯಲ್ಲಿ ವಖಾರಿಗಳು, ಇದ್ದಿಲಿನಲ್ಲಿ ಹಳಿ. ಕಾಕೂ ಸೆರಗು ಸಿಕ್ಕಿಸಿಕೊಂಡು ಗೆರೆ ಎಳೆಯುತ್ತಲೇ ಇದ್ದರು. ಆ ಹುಚ್ಚು ನನಗೂ ಹತ್ತಿತು. ರೈಲಿನ ಡಬ್ಬಿ ಬಾಗಿಲಿಗೆ ಸರಿಯಾಗಬೇಕಾದರೆ ವಖಾರಿ ಎಷ್ಟೆತ್ತರ ಇರಬೇಕು? ದೋಣಿಗಳನ್ನು ಯಾವುದರಿಂದ ಮಾಡುವುದು? ಬ್ಯಾಂಕಿನ ಕೌಂಟರಿನಲ್ಲಿ ಕೂತರೂ ತಲೆಯ ತುಂಬ ಅದೇ. ಸಂಜೆ ಓಡಿ ಬಂದರೆ ಕಾಕೂ ಜೋಳ ತಂದವರನ್ನೆಲ್ಲ ಮಾಳಿಗೆಗೆ ಹತ್ತಿಸಿ ತೋರಿಸುತ್ತಿರುತ್ತಿದ್ದರು.

ಒಂದು ಕಡೆ ಮಾತ್ರ ತೊಡಕಾಯಿತು. ಮುಖ್ಯ ಹಳಿಯಿಂದ ಒಂದು ಕವಲು ಒಡೆದು ದೋಣಿಗಟ್ಟೆಗೆ ಹೋಗುತ್ತಿತ್ತು. ಅದು ಎಲ್ಲಿ ತಿರುಗುತ್ತಿತ್ತು ಎಂಬುದು ಅವರಿಗೆ ನೆನಪಾಗಲಿಲ್ಲ. ಬರೆದರು, ಅಳಿಸಿದರು, ಮತ್ತೆ ಬರೆದರು. ಕೊನೆಗೆ, "ದಾದಾಗ ಗೊತ್ತೈತಿ" ಎಂದು ಇದ್ದಿಲು ಕೆಳಗಿಟ್ಟರು.

ದಾದಾ ಎಂದರೆ ನಿಪ್ಪಾಣಿಯಲ್ಲಿದ್ದ ಅವರ ಅಣ್ಣ. ಮಹಾಪೂರದ ಹೊತ್ತಿನಲ್ಲಿ, ಈ ಹೊಳೆಯ ಸಹವಾಸ ಸಾಕು, ನನ್ನ ಮನೆಗೆ ಬಂದುಬಿಡು ಎಂದು ಅವರು ಅಂಗಲಾಚಿದ್ದರಂತೆ. ಕಾಕೂ ಗಿರಣಿ ಬಿಟ್ಟು ಹೋಗಲಿಲ್ಲ. ಹಾಗಾದರೆ ಮುಳುಗಿ ಸಾಯಿ ಎಂದು ಬಿರುಸಾಗಿ ನುಡಿದು ಅಣ್ಣ ಮಾತು ಬಿಟ್ಟಿದ್ದರು. ಅದಾಗಿ ಆಗಲೇ ಕೆಲ ವರ್ಷ ಕಳೆದಿದ್ದವು.

ಕಾಕೂ ನನ್ನ ಫೋನ್ ಕೇಳಿ ಇಸಿದುಕೊಂಡು ಕೆಳಗೆ ಹೋದರು. ಏನು ಮಾತಾಡಿದರೋ ತಿಳಿಯದು. ವಾಪಸು ಕೊಡುವಾಗ ಫೋನಿಗೆ ಹಿಟ್ಟು ಮೆತ್ತಿತ್ತು.

ಮರುದಿನ ಭಾನುವಾರ, ಮಧ್ಯಾಹ್ನ ಬಿಳಿ ಟೋಪಿಯ ಹಿರಿಯರೊಬ್ಬರು ಮೆಟ್ಟಿಲು ಹತ್ತಿ ಬಂದರು. ತಂಗಿಯ ಮುಖ ನೋಡದೆ ನೆಲವನ್ನೇ ನೋಡುತ್ತ ನಡೆದರು. ಹಳಿ ತಿರುಗಿದ್ದು ಎಲ್ಲಿ, ಹುಣಸೆಮರ ಇದ್ದದ್ದು ಎಲ್ಲಿ ಎಂದು ಮರಾಠಿ, ಕನ್ನಡ ಎರಡನ್ನೂ ಬೆರೆಸಿ ತಮ್ಮಷ್ಟಕ್ಕೇ ಗೊಣಗುತ್ತಿದ್ದರು. ನೋಡುತ್ತ ನೋಡುತ್ತ ನೀಲಿ ರಂಗೋಲಿಯ ನಡುವೆ ನಿಂತುಬಿಟ್ಟರು.

ಕಾಕೂ ಮೆಲ್ಲಗೆ ಅಂದರು: "ದಾದಾ, ನೀ ಹೊಳ್ಯಾಗ ನಿಂತಿ. ಈಚಿ ಬಾ."

ಅವರು ತಮ್ಮ ಕಾಲು ನೋಡಿಕೊಂಡರು. ಆಮೇಲೆ ತಂಗಿಯನ್ನು ನೋಡಿದರು. ಟೋಪಿ ತೆಗೆದು ಕಣ್ಣಿಗೆ ಒತ್ತಿಕೊಂಡರು... ನಾನು ಚಹಾದ ನೆಪ ಮಾಡಿ ಕೆಳಗಿಳಿದೆ. ಮರಳಿ ಬಂದಾಗ ಅಣ್ಣ ತಂಗಿ ಇಬ್ಬರೂ ಹುಣಸೆಮರ ಎಲ್ಲಿತ್ತೆಂದು ಜೋರಾಗಿ ಜಗಳಾಡುತ್ತಿದ್ದರು.

ಆ ಚಳಿಗಾಲ ಪೂರ್ತಿ ನಾವು ಮೂವರೂ ರಟ್ಟು, ಹಲಗೆ, ಅಂಟು ಎಂದು ಓಡಾಡಿದೆವು. ಮೊದಲ ಸಲ ರೈಲು ಓಡಿಸಿದ ದಿನ ಕಾಕೂ ಗಿರಣಿಗೆ ಬೀಗ ಹಾಕಿದ್ದರು. ರೈಲು ತಿರುವಿನಲ್ಲಿ ಬಿತ್ತು. ಎತ್ತಿಟ್ಟೆ. ಮತ್ತೆ ಬಿತ್ತು. ಮೂರನೆಯ ಸಲ ಕವಲು ಹಿಡಿದು, ವಖಾರಿಗಳ ಸಂದಿಯಲ್ಲಿ ನುಸುಳಿ ದೋಣಿಗಟ್ಟೆಯ ಹತ್ತಿರ ಹೋಗಿ ನಿಂತಿತು. ಕಾಕೂ ನನ್ನ ಹೆಂಡತಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು.

ಮುಂದಿನ ವರ್ಷ ನನಗೆ ಚಿಕ್ಕೋಡಿಗೆ ವರ್ಗವಾಯಿತು, ರೈಲನ್ನು ಕಾಕೂ ಅವರ ಬಳಿಯೇ ಬಿಟ್ಟು ಬಂದೆ. ಅದಾದ ಸ್ವಲ್ಪ ದಿನಕ್ಕೇ ಕಾಕೂ ಹೋದರೆಂದು ಸುದ್ದಿ ಬಂತು. ಎದೆನೋವಂತೆ. ವಖಾರಿ, ಹಳಿ ಕೂರಿಸಿದ್ದ ಹಲಗೆಗಳನ್ನು ಅಣ್ಣ ಟೆಂಪೋದಲ್ಲಿ ನಿಪ್ಪಾಣಿಗೆ ಸಾಗಿಸಿದರು.

ಹೋದ ತಿಂಗಳು ಆ ಬಸ್ಸಿಳಿದವನು ಬೇರೆ ಕೆಲಸ ಬಿಟ್ಟು ನೇರ ಅವರ ಮನೆಗೇ ಹೋದೆ. ಪಡಸಾಲೆಯ ಅರ್ಧ ಭಾಗ ವಖಾರಿ ಸಾಲಿಗೇ ಮೀಸಲಾಗಿತ್ತು. ಹೊಸದೊಂದು ಹುಣಸೆಮರ ನೆಟ್ಟಿದ್ದರು, ತಂಗಿ ಹೇಳಿದ್ದ ಜಾಗದಲ್ಲಿ ಅಲ್ಲ, ತಮಗೆ ನೆನಪಿದ್ದ ಜಾಗದಲ್ಲಿ. ಗುಂಡಿ ಒತ್ತಿದರು. ರೈಲು ಹೊರಟಿತು. ಅದು ಮರವನ್ನು ದಾಟಿ ಹೋಗುವಾಗ ಇಬ್ಬರೂ ಕಾಕೂ ಅವರ ತಕರಾರಿಗಾಗಿ ಕಾಯುತ್ತಿದ್ದೆವು.

ಮರ ಅಲ್ಲಿರಲಿಲ್ಲ ಎಂದು ಯಾರೂ ಅನ್ನಲಿಲ್ಲ.