ಪುದಿಯಾಪ್ಳೆಯ ಕೋಣೆಗೆ ಯಾವ ಬಣ್ಣ?

ಬಣ್ಣದ ವಿಷಯದಲ್ಲಿ ನನಗೆ ಏನೇನೂ ತಿಳಿಯದು ಎಂಬುದು ನನ್ನ ಹೆಂಡತಿ ಜುಲೇಖಾಳ ಅಚಲ ನಂಬಿಕೆ. ನಾನು ಆರಿಸಿ ತಂದ ಅಂಗಿಗಳನ್ನು ನೋಡಿಯೇ ಅವಳು ಈ ತೀರ್ಮಾನಕ್ಕೆ ಬಂದದ್ದರಿಂದ ವಾದಿಸಲು ನನಗೂ ಮುಖವಿಲ್ಲ. ಆದರೆ ಹೈಸ್ಕೂಲಿನಲ್ಲಿ ಕನ್ನಡ ಮಾಸ್ಟ್ರಾಗಿದ್ದವನಿಗೆ ತಿಳಿಯದ ವಿಷಯದಲ್ಲೂ ಅಭಿಪ್ರಾಯ ಹೇಳದೆ ಇರಲಾಗುವುದಿಲ್ಲ. ಅದೊಂದು ವೃತ್ತಿರೋಗ.

ತೊಂಬತ್ತರ ದಶಕದ ನಡುವಿನಲ್ಲಿ ನಮ್ಮ ಮಗಳು ಸಫಿಯಾಳಿಗೆ ಮದುವೆ ನಿಶ್ಚಯವಾಯಿತು. ಹುಡುಗ ರಫೀಕ್ ಕನ್ಯಾನದವನು, ಸೌದಿಯ ದಮ್ಮಾಮಿನಲ್ಲಿ ಕೆಲಸ. ಮದುವೆಯಾದ ಹೊಸತರಲ್ಲಿ ಅಳಿಯ ಹೆಣ್ಣಿನ ಮನೆಗೇ ಬಂದು ತಂಗುವುದು ನಮ್ಮ ಬ್ಯಾರಿಗಳ ವಾಡಿಕೆ. ಆಗ ಅವನಿಗೆ ಪುದಿಯಾಪ್ಳೆ, ಅಂದರೆ ಹೊಸ ಮದುಮಗ, ಎಂದೇ ಹೆಸರು. ಅವನಿಗೆಂದು ಒಂದು ಕೋಣೆ ಸಿಂಗರಿಸಬೇಕು. ಬಿರಿಯಾನಿಗೆ ಉಪ್ಪು ಹೆಚ್ಚಾದರೆ ಜನ ಕ್ಷಮಿಸಿಯಾರು, ಆ ಕೋಣೆಯಲ್ಲಿ ಕುಂದು ಕಂಡರೆ ಕ್ಷಮಿಸಲಾರರು. ಪುಂಜಾಲಕಟ್ಟೆಯ ನಮ್ಮ ಮನೆಯಲ್ಲಿ ಸಫಿಯಾ ಓದಿ ಮಲಗುತ್ತಿದ್ದ ಕೋಣೆಯೇ ಇದಕ್ಕೆ ನಿಗದಿಯಾಯಿತು.

ಬೆಳ್ತಂಗಡಿಯ ಪೇಂಟ್ ಅಂಗಡಿಯಿಂದ ಬಣ್ಣಗಳ ಶೇಡ್ ಕಾರ್ಡ್ ತಂದೆ. ಬಿಡಿಸಿದರೆ ಊಟದ ಮೇಜಿನ ಆಚೆಗೂ ಚಾಚಿತು. ಒಂದೊಂದು ಚೌಕಕ್ಕೂ ಒಂದೊಂದು ಇಂಗ್ಲಿಷ್ ಹೆಸರು: ಮುಂಜಾನೆಯ ಮಂಜಂತೆ, ಮರುಭೂಮಿಯ ಪಿಸುಮಾತಂತೆ. ಪಿಸುಮಾತಿಗೆ ಬಣ್ಣ ಉಂಟೆಂದು ನನಗೆ ತಿಳಿದದ್ದು ಆಗಲೇ. ನಮ್ಮ ಹಳೆಗನ್ನಡದ ಕವಿಗಳು ಕೆಂಪು, ಹೊನ್ನು, ಬಿಳಿ, ಕಪ್ಪು ಎಂಬಷ್ಟರಲ್ಲೇ ಇಡೀ ಕಾಡು, ಯುದ್ಧ, ಸ್ವರ್ಗ ಎಲ್ಲವನ್ನೂ ಮುಗಿಸಿದವರು. ಆಮೇಲೆ ಸೀರೆ ಅಂಗಡಿಯವರು ಗಿಳಿಹಸಿರು, ನವಿಲುಕತ್ತು ಎಂದು ಹಕ್ಕಿಗಳನ್ನು ಸೇರಿಸಿ ಸ್ವಲ್ಪ ವಿಸ್ತರಿಸಿದರು. ಇದನ್ನೆಲ್ಲ ನಾನು ವಿವರಿಸುತ್ತಿದ್ದಾಗ ಜುಲೇಖಾ ಕಾರ್ಡನ್ನು ಎತ್ತಿಕೊಂಡು ಅಡುಗೆಮನೆಗೆ ಹೋದಳು.

ಪೇಂಟರ್ ಲೋಕಯ್ಯ ಗೋಡೆಯಲ್ಲಿ ಸಾಲಾಗಿ ಸ್ಯಾಂಪಲ್ ಪಟ್ಟಿ ಬಳಿದ. ನೋಡಲು ನೆರೆಕರೆಯವರೆಲ್ಲ ಬಂದರು. ಜುಲೇಖಾಳಿಗೆ ತಿಳಿ ಗುಲಾಬಿ. ಗಲ್ಫಿನಿಂದ ರಜೆಯಲ್ಲಿ ಬಂದಿದ್ದ ಅವಳ ತಮ್ಮ ಹಮೀದನಿಗೆ ಬಿಳಿಯೂ ಅಲ್ಲದ ಹಳದಿಯೂ ಅಲ್ಲದ ಒಂದು ಬಣ್ಣ. ಅಲ್ಲಿಯ ದೊಡ್ಡ ಆಫೀಸುಗಳೆಲ್ಲ ಹಾಗೇ ಇವೆಯಂತೆ. ನನಗೆ ಎಲೆಹಸಿರು. ಹಗಲು ಚಂದ ಕಂಡ ಪಟ್ಟಿ ರಾತ್ರಿ ಟ್ಯೂಬ್‌ಲೈಟಿನಲ್ಲಿ ಕಾಮಾಲೆ ಹಿಡಿದಂತೆ ಕಾಣುತ್ತಿತ್ತು. ಓಲ್ಟೇಜ್ ಇಳಿದರೆ ಎಲ್ಲವೂ ಒಂದೇ. ಲೋಕಯ್ಯ ಮಾತ್ರ ಯಾರು ಏನು ಹೇಳಿದರೂ ಅದೇ ಒಳ್ಳೆಯದೆನ್ನುತ್ತಿದ್ದ.

ಕೊನೆಗೆ ಪುದಿಯಾಪ್ಳೆಗೆ ಯಾವ ಬಣ್ಣ ಇಷ್ಟ ಎಂದು ತಿಳಿಯಬೇಕೆಂದಾಯಿತು. ತಿಳಿಯುವುದು ಹೇಗೆ? ಬೀಗರ ಮನೆಗೆ ಫೋನ್ ಮಾಡಿ, ನಿಮ್ಮ ಹುಡುಗನಿಗೆ ಯಾವ ಗೋಡೆ ಆಗಬಹುದು ಎಂದು ಕೇಳಿದರೆ ಮರ್ಯಾದೆ ಉಳಿದೀತೆ? ಆಗ ಹಮೀದನಿಗೆ ಸಂಬಂಧದ ಮಾತಿನ ವೇಳೆ ಬಂದಿದ್ದ ಫೋಟೋ ನೆನಪಾಯಿತು. ನೋಡಿದರೆ ಹುಡುಗನ ಅಂಗಿ ನೀಲಿ, ಟೈ ನೀಲಿ, ಹಿಂದಿನ ಪರದೆಯೂ ನೀಲಿ. ಇದಕ್ಕಿಂತ ಹೆಚ್ಚಿನ ಸಾಕ್ಷಿ ಯಾವ ಕೋರ್ಟಿಗೆ ಬೇಕು? ಅದೇ ನೀಲಿಯನ್ನು ಕಾರ್ಡಿನಲ್ಲಿ ಹುಡುಕಿ, ಫೋಟೋ ಪಕ್ಕದಲ್ಲಿಟ್ಟು ತಾಳೆ ನೋಡಿ, ಚಾವಣಿಯವರೆಗೂ ಬಳಿಸಿದೆವು.

ಮದುವೆ ಚೆನ್ನಾಗಿಯೇ ಆಯಿತು. ಪುದಿಯಾಪ್ಳೆ ಬಂದ. ಕೋಣೆ ಹೇಗುಂಟು ಎಂದು ಕೇಳಿದರೆ, "ಲಾಯ್ಕ್ ಉಂಟು" ಎಂದ. ಕೋಳಿ, ನೈಪತ್ತಿರ್ ರೊಟ್ಟಿ, ಫ್ಯಾನಿನ ಗಾಳಿ, ಏನು ಕೇಳಿದರೂ ಲಾಯ್ಕ್ ಉಂಟು. ಆದರೆ ಊಟವಾದ ಮೇಲೆ ಕೋಣೆಗೆ ಹೋಗಲೊಲ್ಲ; ಮನೆ ಮುಂದಿನ ಸಿಟೌಟಿನಲ್ಲಿ ನನ್ನ ಎದುರು ಕೂತು ಹಳೆಗನ್ನಡದ ಕವಿಗಳ ಬಗ್ಗೆ ಕೇಳಿಸಿಕೊಳ್ಳುತ್ತಿದ್ದ. ನನ್ನ ಸ್ವಂತ ವಿದ್ಯಾರ್ಥಿಗಳೇ ಮಾಡದ ಕೆಲಸ ಅದು. ಬೆಳಿಗ್ಗೆ ಮಸೀದಿಯ ಬಾಂಗಿಗೂ ಮೊದಲೇ ದಡಬಡ ಎದ್ದು ಹೊರಗೆ ಬಂದುಬಿಡುತ್ತಿದ್ದ.

ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಹುಡುಗನಿಗೆ ಹುಡುಗಿ ಹಿಡಿಸಲಿಲ್ಲವೆ? ಮದುವೆಯಾಗಿ ವಾರ ಕಳೆದಿಲ್ಲ. ರಜೆ ಮುಗಿಸಿ ವಿಮಾನ ಹತ್ತಿದವನು ತಿರುಗಿ ನೋಡದಿದ್ದರೆ ನನ್ನ ಮಗಳ ಗತಿಯೇನು? ಚಿಂತೆಯಲ್ಲಿ ಜುಲೇಖಾಳ ಸಾರಿಗೆ ಉಪ್ಪು ಬೀಳುವುದೇ ನಿಂತಿತು. ಕೊನೆಗೆ ತಡೆಯಲಾರದೆ ಬಾವಿಕಟ್ಟೆಯ ಹತ್ತಿರ ಸಫಿಯಾಳನ್ನೇ ನಿಲ್ಲಿಸಿ, ಅವನು ನಿನ್ನೊಡನೆ ಸರಿಯಾಗಿದ್ದಾನಾ ಎಂದು ಕೇಳಿದೆ.

"ಅವರು ಸರಿ ಇದ್ದಾರೆ ಉಪ್ಪ, ಗೋಡೆ ಸರಿ ಇಲ್ಲ" ಎಂದಳು. "ದಮ್ಮಾಮಿನ ರೂಮಿನಲ್ಲೂ ಇದೇ ನೀಲಿಯಂತೆ. ಒಂದರ ಮೇಲೊಂದು ಮಂಚ. ಇಲ್ಲಿ ಎಚ್ಚರ ಆದ ಕೂಡಲೇ ಡ್ಯೂಟಿಗೆ ಲೇಟಾಯ್ತು ಅಂತ ಹಾರಿ ಏಳ್ತಾರೆ."

ಫೋಟೋದ ನೀಲಿಯೋ ಎಂದೆ. ಅಂಗಿ ರೂಮಿನ ಗೆಳೆಯನದ್ದಂತೆ, ಟೈ ಮತ್ತು ಪರದೆ ಸ್ಟುಡಿಯೋದವರದ್ದಂತೆ. "ಅದರಲ್ಲಿ ಅವರ ಸ್ವಂತದ್ದು ಮುಖ ಒಂದೇ." ಹೇಳಿದರೆ ಹೆಣ್ಣಿನ ಮನೆಯವರಿಗೆ ಬೇಸರವಾದೀತೆಂದು ಬಾಯಿ ಮುಚ್ಚಿಕೊಂಡಿದ್ದನಂತೆ. ನನ್ನ ಎದೆಯ ಮೇಲಿಂದ ಒಂದು ಗೋಡೆಯೇ ಇಳಿದಂತಾಯಿತು. ಆದರೆ ಮಗಳ ಮಾತು ಮುಗಿದಿರಲಿಲ್ಲ. "ಅವರದ್ದು ಬಿಡಿ. ನಾನು ಮಲಗುವ ಕೋಣೆ ಅದು. ನನ್ನನ್ನು ಕೇಳಿದ್ದು ಯಾರು?"

ಹೌದಲ್ಲ! ಲೋಕಯ್ಯನ ಬಾಯಲ್ಲೂ ಅಭಿಪ್ರಾಯ ಹೇಳಿಸಿದ ನಾವು ಅವಳನ್ನು ಮರೆತೇ ಬಿಟ್ಟಿದ್ದೆವು. ನಾಚಿಕೆಯಾಗಿ, ಶೇಡ್ ಕಾರ್ಡನ್ನು ಹುಡುಕಿ ಅವಳ ಕೈಗಿತ್ತೆ. ಅವಳು ಅದನ್ನು ಕೋಣೆಗೆ ಒಯ್ದು ಬಾಗಿಲು ಹಾಕಿಕೊಂಡಳು; ಬಟ್ಟೆ ಬದಲಿಸಲು ಹೋಗಿದ್ದ ಗಂಡ ಒಳಗೇ ಇದ್ದ.

ನಾನೂ ಜುಲೇಖಾಳೂ ಹೊರಗೆ ಕೂತೆವು. ಮೊದಲು ಪಿಸುಪಿಸು. ಆಮೇಲೆ ಸ್ವಲ್ಪ ಏರುದನಿ. ನಮ್ಮ ಮನೆಗೆ ಕಾಲಿಟ್ಟಂದಿನಿಂದ ಲಾಯ್ಕ್ ಉಂಟು ಬಿಟ್ಟು ಬೇರೇನೂ ಆಡದಿದ್ದ ಅಳಿಯ ಗಂಟಲು ಬಿಚ್ಚಿ ಹೇಳಿದ್ದು ಕೇಳಿಸಿತು: "ಅದು ಬೇಡ ಮಾರಾಯ್ತಿ, ಅದರೊಳಗೆ ಮನುಷ್ಯರು ಮಲಗ್ಲಿಕ್ಕೆ ಉಂಟಾ?" ಸಫಿಯಾಳೂ ಬಿಡಲಿಲ್ಲ, ನಿಮಗೆ ಕಣ್ಣು ಕಾಣುವುದಿಲ್ಲ ಎಂದಳು.

ನಾನು ಗಾಬರಿಯಿಂದ ಎದ್ದೆ. ಜುಲೇಖಾ ನನ್ನ ತೋಳು ಹಿಡಿದು ಕೂರಿಸಿದಳು. ನಾಲ್ಕೈದು ದಿನದ ಮೇಲೆ ಅವಳ ಮುಖದಲ್ಲಿ ನಗು ಇತ್ತು.

"ಅಲ್‌ಹಂದುಲಿಲ್ಲಾ, ಜಗಳ ಶುರುವಾಯ್ತು" ಎಂದಳು. "ಇನ್ನು ಅವ ನಮ್ಮ ಮನೆಯವ."