ಪ್ರಮಾಣವಚನದ ದಿನಕ್ಕೆ ಹೊಲಿದ ಬಿಷ್ತ್

ಕಾಕನ ಬಲಗೈ ತೋರುಬೆರಳಿನ ಉಗುರ ಸಂದಿಯಲ್ಲಿ ಯಾವಾಗಲೂ ಒಂದು ಚೂರು ಹೊಂಬಣ್ಣದ ಜರಿ ಸಿಕ್ಕಿಕೊಂಡಿರುತ್ತಿತ್ತು. ದಿನಕ್ಕೆ ಐದು ಸಲ ನಮಾಜಿಗೆ ಕೈ ತೊಳೆದರೂ ಅದು ಜಗ್ಗುತ್ತಿರಲಿಲ್ಲ. ಅನ್ನಕ್ಕೆ ಮೀನುಸಾರು ಕಲಸುವಾಗ ಅದು ಮಿನುಗುವುದನ್ನು ನಾನು ನೋಡುತ್ತಾ ಕುಳಿತರೆ, "ಎಂತ ನೋಡುದು ಇಂಜಿನಿಯರ್ರೆ? ಚಿನ್ನ ಅಲ್ಲ, ನೀವು ಊಟ ಮಾಡಿ" ಎನ್ನುತ್ತಿದ್ದರು. ನಾನು ಇಂಜಿನಿಯರ್ ಅಲ್ಲ, ತುಮಕೂರು ಕಡೆಯಿಂದ ಗುತ್ತಿಗೆ ಕಂಪನಿಯ ಮೂಲಕ ಸೌದಿಯ ಗಡಿಯೂರು ಅಲ್ ಖಫ್ಜಿಯ ತೈಲಬಾವಿಗಳಿಗೆ ಬಂದ ಒಬ್ಬ ಟೆಕ್ನಿಷಿಯನ್. ಎಷ್ಟು ಸಲ ಹೇಳಿದರೂ ಅವರು ತಿದ್ದಿಕೊಳ್ಳಲಿಲ್ಲ.

ಅವರು ಉಳ್ಳಾಲದ ಕಡೆಯ ಬ್ಯಾರಿ, ಹಿರಿಯರಾದ್ದರಿಂದ ನಾನು ಕಾಕ ಎನ್ನುತ್ತಿದ್ದೆ. ನನ್ನ ರೂಮಿನ ಕೆಳಗಿನ ಅಂಗಡಿಯಲ್ಲಿ ಬಿಷ್ತ್ ಹೊಲಿಯುತ್ತಿದ್ದರು. ಬಿಷ್ತ್ ಎಂದರೆ ಅರಬರು ದೊಡ್ಡ ಸಮಾರಂಭಗಳಲ್ಲಿ ಬಿಳಿ ಅಂಗಿಯ ಮೇಲೆ ಹೊದೆಯುವ, ಅಂಚಿಗೆ ಜರಿ ಹೊಲಿದ ತೆಳು ನಿಲುವಂಗಿ. ಜರಿಯನ್ನು ಕೈಯಲ್ಲೇ ಹೊಲಿದು, ಪುಟ್ಟ ಸುತ್ತಿಗೆಯಿಂದ ಬಡಿದು ಹೊಳಪು ಬರಿಸಬೇಕು. ಆ ಟಕಟಕ ಸದ್ದಿಗೇ ನಾನು ರಜಾದಿನ ಎದ್ದು, ಅದಕ್ಕೇ ಬೈದುಕೊಂಡು ಕೆಳಗಿಳಿದು, ಅವರ ಚಹಾ ಕುಡಿದು ಸಮಾಧಾನವಾಗುತ್ತಿದ್ದೆ.

ಖಫ್ಜಿಗೆ ಬರುವ ಮೊದಲು ಅವರು ಇಪ್ಪತ್ತು ವರ್ಷ ಗಡಿಯಾಚೆ ಕುವೈತಿನಲ್ಲಿದ್ದರು. ಅಂಗಡಿಯ ಮಾಲೀಕ, ಅಂದರೆ ಅವರ ಕಫೀಲ್, ಗಡಿಯ ಈ ಕಡೆಗೆ ಬಂದಾಗ ಕಾಕನನ್ನೂ ಕರೆತಂದ. ಗಡಿ ಹತ್ತಿರವೇ ಇದ್ದರೂ ಆಮೇಲೆ ಅವರು ಅದನ್ನು ದಾಟಲಿಲ್ಲ. ಆದರೆ ಮನಸ್ಸು ಅಲ್ಲೇ ಇತ್ತು. ಅಲ್ಲಿ ರಾಜಮನೆತನವೂ ಇತ್ತು, ಜನ ಆರಿಸಿದ ಸಂಸತ್ತೂ ಇತ್ತು. ಎರಡಕ್ಕೂ ಸದಾ ಜಟಾಪಟಿ. ಸದಸ್ಯರು ರಾಜಮನೆತನದ ಮಂತ್ರಿಗಳನ್ನೇ ಸಭೆಗೆ ಕರೆಸಿ ಪ್ರಶ್ನೆ ಕೇಳುವರು, ಜಗಳ ಕಾವೇರಿದರೆ ದೊರೆ ಸಂಸತ್ತನ್ನು ವಿಸರ್ಜಿಸುವರು, ಮತ್ತೆ ಚುನಾವಣೆ, ಮತ್ತೆ ಪ್ರಮಾಣವಚನ, ಮತ್ತೆ ಹೊಸ ಬಿಷ್ತ್‌ಗಳು. "ಅರಮನೆಯವರದ್ದೂ ನಾನೇ ಹೊಲಿಯುದು, ಅವರನ್ನು ಬೈಯುವವರದ್ದೂ ನಾನೇ" ಎಂದು ಕಾಕ ನಗುತ್ತಿದ್ದರು. ಇದನ್ನೆಲ್ಲ ನಾವು ಕನ್ನಡದಲ್ಲಿ ಮಾತ್ರ ಮಾತಾಡುತ್ತಿದ್ದೆವು.

ಅಂಗಡಿಯ ಟೀವಿಯಲ್ಲಿ ಆಚೆಯ ಅಧಿವೇಶನ ಬಂದರೆ ಅವರು ಸೂಜಿ ಕೆಳಗಿಡುತ್ತಿದ್ದರು. ಮನುಷ್ಯರ ಹೆಸರು ಅವರ ತಲೆಯಲ್ಲಿ ನಿಲ್ಲುತ್ತಿರಲಿಲ್ಲ, ಬಟ್ಟೆಯ ಗುರುತು ಮಾತ್ರ ತಪ್ಪುತ್ತಿರಲಿಲ್ಲ. "ಅದಾ, ನನ್ನ ಕಂದು ಎದ್ದು ನಿಂತಿತು. ಈಗ ನೋಡಿ, ಕಪ್ಪಿನವ ನೀರು ಕುಡೀತಾನೆ." ಹೇಳಿ ಮುಗಿಸುವುದರೊಳಗೆ ಕಪ್ಪಿನವರು ಲೋಟಕ್ಕೆ ಕೈ ಹಾಕಿರುತ್ತಿದ್ದರು.

ಕುವೈತಿನಲ್ಲಿದ್ದಾಗ ಒಮ್ಮೆ, ರಿಪೇರಿಯಾದ ಬಿಷ್ತ್ ಒಂದನ್ನು ತಲುಪಿಸಲು ಅವರು ಸಂಸತ್ತಿಗೇ ಹೋಗಿದ್ದರಂತೆ. ಬಾಗಿಲಲ್ಲಿದ್ದವನು ಕನಿಕರಪಟ್ಟು ಸ್ವಲ್ಪ ಹೊತ್ತು ಪ್ರೇಕ್ಷಕರ ಸಾಲಿನಲ್ಲಿ ಕೂರಲು ಬಿಟ್ಟ. ಆ ಸ್ವಲ್ಪ ಹೊತ್ತನ್ನು ಕಾಕ ನನಗೆ ನೂರು ಸಲ ಹೇಳಿರಬೇಕು. "ಒಬ್ಬ ಸಾದಾ ಮನುಷ್ಯ ಎದ್ದು ಕೇಳ್ತಾನೆ, ಇದಕ್ಕೆ ಉತ್ತರ ಕೊಡಿ ಅಂತ. ರಾಜರ ಮನೆಯವರು ಮಾರಾಯ್ರೆ, ಅಷ್ಟು ದೊಡ್ಡವರು, ಕಾಗದ ಹುಡುಕ್ತಾರೆ! ಒಂದು ಕಾಗದ ತೆಗೀತಾರೆ, ಇದಲ್ಲ, ಇನ್ನೊಂದು ತೆಗೀತಾರೆ. ನಲವತ್ತು ವರ್ಷ ಗಲ್ಫಿನಲ್ಲಿ ಇದ್ದೇನೆ. ನಾನು ಕೇಳಿದ್ದಕ್ಕೆ ಯಾರಾದರೂ ಕಾಗದ ಹುಡುಕಿದ್ದುಂಟಾ?"

ನನ್ನ ಹೆಂಡತಿಗೆ ದಿನ ತುಂಬುತ್ತಿದ್ದಾಗ ರಜೆಯ ಅರ್ಜಿ ಮೂರು ಸಲ ಕಾರಣವಿಲ್ಲದೆ ವಾಪಸು ಬಂತು. ನಾನು ಮೇಲಿನವರನ್ನೆಲ್ಲ ಬೈಯುತ್ತಾ ಕೂತಿದ್ದೆ, ಅಂಗಡಿಯಲ್ಲಿ. ಕಾಕ ಹಲ್ಲಿನಲ್ಲಿ ದಾರ ಕಡಿದು, "ಇಲ್ಲಿ ಬೈದು ಎಂತ ಪ್ರಯೋಜನ? ಎಲ್ಲರೂ ಇರುವಾಗ ಎದ್ದು ಕೇಳಿ. ಜೋರು ಮಾಡಬೇಡಿ. ಕಾರಣ ಕೇಳಿ, ಕೂತ್ಕೊಳ್ಳಿ. ಅವರು ಹುಡುಕಲಿ" ಎಂದರು. ಮರುದಿನದ ಮೀಟಿಂಗಿನಲ್ಲಿ ಎದ್ದು ಕೇಳಿದೆ. ಸೂಪರ್‌ವೈಸರ್ ನಿಜಕ್ಕೂ ಫೈಲು ತಿರುವಿಹಾಕಿದ. ಕಾರಣ ಸಿಗಲಿಲ್ಲ, ರಜೆ ಸಿಕ್ಕಿತು. ಮಗಳು ಹುಟ್ಟಿದಾಗ ನಾನು ಆಸ್ಪತ್ರೆಯ ಬಾಗಿಲಲ್ಲಿದ್ದೆ. ಆ ಋಣ ಇನ್ನೂ ಹಾಗೇ ಇದೆ.

ಅದಾದ ಮೇಲಿನ ಒಂದು ರಂಜಾನ್ ತಿಂಗಳಲ್ಲಿ ಆಚೆ ಮತ್ತೆ ಚುನಾವಣೆ ನಡೆಯಿತು. ಹಬ್ಬ ಕಳೆದ ವಾರ, ಗೆದ್ದ ಸದಸ್ಯರೊಬ್ಬರು ಗಡಿ ದಾಟಿ ಕಾಕನನ್ನೇ ಹುಡುಕಿಕೊಂಡು ಬಂದರು. ಅವರ ತಂದೆಯ ಬಿಷ್ತ್‌ಗಳನ್ನೂ ಹೊಲಿದದ್ದು ಕಾಕನೇ. ಪ್ರಮಾಣವಚನದ ದಿನಕ್ಕೆ ಒಂದು ಕಪ್ಪು ಬಿಷ್ತ್ ಬೇಕಿತ್ತು. ಕಾಕ ಅಷ್ಟು ಖುಷಿಯಲ್ಲಿ ಕೆಲಸ ಮಾಡಿದ್ದನ್ನು ನಾನು ಕಂಡಿರಲಿಲ್ಲ. ಉಳಿದದ್ದು ಒಂದೇ, ಸೊಂಟದ ಬಳಿ ಅಡ್ಡಕ್ಕೆ ಹಿಡಿಯುವ ಮಡಿಕೆ. ಅದರಿಂದಲೇ ಬಿಷ್ತಿನ ಉದ್ದ ಆಳಿಗೆ ಸರಿಹೊಂದುವುದು. ತೊಡುವವರು ಎದುರು ನಿಲ್ಲದೆ ಕಾಕ ಅದನ್ನು ಹಿಡಿಯುತ್ತಿರಲಿಲ್ಲ. ಸದಸ್ಯರು ಶನಿವಾರ ಬರುವುದಾಗಿ ಹೇಳಿದ್ದರು.

ಶುಕ್ರವಾರ ಸಂಜೆ ಟೀವಿಯಲ್ಲಿ ಆಚೆಯ ದೊರೆ ಮಾತಾಡಿದರು. ಆರಿಸಿ ಬಂದ ಸಂಸತ್ತು ಒಂದು ದಿನವೂ ಸೇರುವ ಮೊದಲೇ ವಿಸರ್ಜನೆಯಾಯಿತು. ಈ ಸಲ ಬೇಗ ಚುನಾವಣೆಯೂ ಇಲ್ಲ, ನಾಲ್ಕು ವರ್ಷದವರೆಗೆ ಬಾಗಿಲು ಮುಚ್ಚಿರಬಹುದು ಎಂದು ಸುದ್ದಿಯವನು ವಿವರಿಸಿದ. ಕಾಕ ಮಡಿಲಲ್ಲಿದ್ದ ಬಿಷ್ತ್ ಎತ್ತಿ, ಬಿಳಿ ಹತ್ತಿಯ ಚೀಲ ಹೊದಿಸಿ, ಗೋಡೆಗೆ ತೂಗುಹಾಕಿದರು. ಶನಿವಾರ ಯಾರೂ ಬರಲಿಲ್ಲ.

ಮದುಮಗನೊಬ್ಬನಿಗೆ ಅದನ್ನು ಕೊಟ್ಟುಬಿಡು ಎಂದು ಕಫೀಲ್ ಎರಡು ಸಲ ಹೇಳಿದ. ಕಾಕ ಒಪ್ಪಲಿಲ್ಲ. ಊರಿನಿಂದ ಮಗಳು ಫೋನ್ ಮಾಡಿ, ಸಾಕು, ಬನ್ನಿ ಎಂದರೆ, "ಒಂದು ಕೆಲಸ ಬಾಕಿ ಉಂಟು" ಎನ್ನುತ್ತಿದ್ದರು. ವಾರಕ್ಕೊಮ್ಮೆ ಚೀಲ ಬಿಚ್ಚಿ ಮರಳು ಕೊಡವುತ್ತಿದ್ದರು. ನನಗೋ ಸಿಟ್ಟು ಬರುತ್ತಿತ್ತು. ಯಾರದೋ ದೇಶ, ಯಾರದೋ ದೊರೆ, ಯಾರದೋ ಸಂಸತ್ತು, ಇವರು ಯಾಕೆ ಕಾಯಬೇಕು?

ಕಳೆದ ಚಳಿಗಾಲದ ಒಂದು ಬೆಳಿಗ್ಗೆ ನನ್ನನ್ನು ಕರೆದರು. "ಇಲ್ಲಿ ನಿಲ್ಲಿ. ಅವರ ಎತ್ತರ ನಿಮ್ಮಷ್ಟೇ."

"ಆಳಿಲ್ದೆ ಮಡಿಕೆ ಹಿಡಿಯಲ್ಲ ಅಂತ ನೀವೇ ಅಂದಿದ್ರಲ್ಲ ಕಾಕ?"

"ಕಣ್ಣು ಮಂಜಾಗ್ತಾ ಉಂಟು. ಕಾಣುವಾಗಲೇ ಮುಗಿಸಬೇಕು. ಬಾಗಿಲು ತೆಗೆದ ದಿನ ಅವರಿಗೆ ಇಲ್ಲಿ ಬರ್ಲಿಕ್ಕೆ ಪುರುಸೊತ್ತು ಇರುದಿಲ್ಲ."

ನನ್ನ ಹೆಗಲಿಗೆ ಬಿಷ್ತ್ ಹೊದಿಸಿ, ತುಟಿಯಲ್ಲಿ ಪಿನ್ನು ಕಚ್ಚಿಕೊಂಡು ಸುತ್ತಲೂ ಮಂಡಿಯೂರಿದರು. ಆಮೇಲೆ ಕುರ್ಚಿಯಲ್ಲಿ ಕೂರಿಸಿದರು. "ಈಗ ಎದ್ದು ಕೇಳಿ. ಎದ್ದಾಗ ಅಂಚು ನೆಲ ಗುಡಿಸಬಾರದು."

"ಏನ್ ಕೇಳಲಿ?"

"ಎಂತದಾದ್ರೂ ಕೇಳಿ ಮಾರಾಯ್ರೆ."

ನಾನು ಎದ್ದು ಗಂಟಲು ಸರಿಮಾಡಿಕೊಂಡೆ. "ಸಭಾಪತಿಗಳೇ, ನಮ್ಮ ದರ್ಜಿಗಳು ಮನೆಗೆ ಯಾಕೆ ಹೋಗ್ತಿಲ್ಲ? ಮಂತ್ರಿಗಳು ಉತ್ತರ ಕೊಡಲಿ."

ಕಾಕ ನಕ್ಕರು. ಆಮೇಲೆ ಕಾಗದ ಹುಡುಕುವವರಂತೆ ತಮ್ಮ ಅಂಗಿಯ ಜೇಬು ತಡಕಿದರು. ಒಂದು ಜೇಬು, ಇನ್ನೊಂದು ಜೇಬು. ಏನೂ ಸಿಗಲಿಲ್ಲ ಎಂಬಂತೆ ಕೈ ಚೆಲ್ಲಿ, ಮತ್ತೆ ಮಂಡಿಯೂರಿ ಮಡಿಕೆ ಹೊಲಿಯತೊಡಗಿದರು.

ಮಡಿಕೆ ಮುಗಿದ ಮೇಲೆ ಕಾಕನಿಗೆ ಊರಿಗೆ ಹೋಗಲು ಟಿಕೆಟ್ ಆಗಿತ್ತು. ಹೊರಡುವುದಕ್ಕೆ ಒಂದು ವಾರ ಮೊದಲೇ ಎದೆನೋವು ಬಂದು ಇಲ್ಲಿಯ ಆಸ್ಪತ್ರೆಯಲ್ಲೇ ತೀರಿಕೊಂಡರು. ಮಣ್ಣು ಮಾಡಿದ್ದೂ ಇಲ್ಲೇ. ಮುಸ್ಲಿಮನಲ್ಲದ ನಾನು ಖಬರಸ್ತಾನದ ಗೋಡೆಯ ಹೊರಗೆ ನಿಂತಿದ್ದೆ. ಇಲ್ಲಿಯ ಗೋರಿಗಳ ಮೇಲೆ ಹೆಸರಿರುವುದಿಲ್ಲ, ಹಾಗಾಗಿ ಅವರ ಮಗಳಿಗೆ ಇಂಥದೇ ಎಂದು ತೋರಿಸಲು ಫೋಟೋ ಕೂಡ ನನ್ನ ಬಳಿ ಇಲ್ಲ.

ಎರಡು ತಿಂಗಳ ಮೇಲೆ, ಕಾಕ ಹೋದ ಸುದ್ದಿ ಕೇಳಿ ಆ ಸದಸ್ಯರು ಬಂದರು. ಗಡ್ಡ ನರೆತಿತ್ತು. ಹೊಸ ದರ್ಜಿ ಬಿಷ್ತ್ ಇಳಿಸಿ ಕೊಟ್ಟ. ತೊಟ್ಟು ಕನ್ನಡಿಯ ಮುಂದೆ ನಿಂತರು. ಅಂಚು ನೆಲದಿಂದ ಎಷ್ಟು ಮೇಲಿರಬೇಕೋ ಅಷ್ಟೇ ಮೇಲಿತ್ತು. ಯಾರನ್ನು ನಿಲ್ಲಿಸಿ ಮಡಿಕೆ ಹಿಡಿದರು ಎಂದು ಕೇಳಿದರು. ನನ್ನಿಂದಲೇ ಕೇಳಿ ತಿಳಿದಿದ್ದ ದರ್ಜಿ, ಅಲ್ಲೇ ಕೂತಿದ್ದ ನನ್ನತ್ತ ಕೈ ತೋರಿಸಿದ. ಅವರು ಬಂದು ನನ್ನ ಪಕ್ಕ ನಿಂತು, ಕನ್ನಡಿಯಲ್ಲಿ ಇಬ್ಬರ ಹೆಗಲನ್ನೂ ನೋಡಿ, ತಲೆಯಾಡಿಸಿದರು. ಅವರು ಬಿಷ್ತ್ ತೆಗೆದುಕೊಂಡು ಹೊರಡುವಾಗ ನಾನು ನನ್ನ ಹರಕು ಅರಬಿಯಲ್ಲಿ, ಬಾಗಿಲು ಯಾವಾಗ ತೆಗೆಯುತ್ತದೆ ಎಂದು ಕೇಳಿದೆ. ಅವರು ಉತ್ತರಕ್ಕಾಗಿ ತಡಕಾಡಿದರು. ಅವರ ಬಳಿಯೂ ಇರಲಿಲ್ಲ.

ಅಂಗಡಿಯ ಟೀವಿ ಈಗಲೂ ಅದೇ ಚಾನೆಲ್ಲಿನಲ್ಲಿದೆ. ನಾನು ಹೋದಾಗಲೆಲ್ಲ ಸ್ವಲ್ಪ ಹೊತ್ತು ನೋಡುತ್ತೇನೆ. ಎಂದಾದರೂ ಆ ಕಪ್ಪು ಬಿಷ್ತ್ ಅಲ್ಲಿ ಎದ್ದು ನಿಂತರೆ ನನಗೆ ಗುರುತು ಸಿಗುತ್ತದೆ, ಅದು ನನ್ನ ಅಳತೆಯದು. ಆ ಗಳಿಗೆಗೆ ಕಾಕ ಪಕ್ಕದಲ್ಲಿರಬೇಕಿತ್ತು.