ಗಾಜಿನ ಚಿತ್ರಗಳಿಗೆ ಬಾಗಿಲು ತೆರೆದವರು

ಗ್ರಂಥಾಲಯಗಳಲ್ಲಿ ಹಳೆಯದನ್ನು ಜೋಪಾನ ಮಾಡಿದವರು ಅನೇಕರಿದ್ದಾರೆ; ಜೋಪಾನ ಮಾಡಿದ್ದನ್ನು ಜನರ ಕೈಗೆ ತಲುಪಿಸುವುದರಲ್ಲೇ ಸಾರ್ಥಕ್ಯ ಕಂಡವರು ವಿರಳ. ಮೂವತ್ತನಾಲ್ಕು ವರ್ಷಗಳ ಸೇವೆಯ ನಂತರ ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಮುಖ್ಯ ಗ್ರಂಥಪಾಲಕಿ ಆ ವಿರಳರ ಸಾಲಿಗೆ ಸೇರಿದವರು. ನಮಗೆಲ್ಲ ಅವರು ಚೀಟಿ ಅಕ್ಕ. ಕಪಾಟು, ಕುರ್ಚಿ, ಕೊಡೆ ಎನ್ನದೆ ಎಲ್ಲಕ್ಕೂ ಚೀಟಿ ಅಂಟಿಸುವ ಅವರ ಊಟದ ಡಬ್ಬಿಯ ಮೇಲೂ ‘ಪರಾಮರ್ಶನ ಪ್ರತಿ, ಎರವಲಿಗಿಲ್ಲ’ ಎಂದಿತ್ತು. ಆ ಡಬ್ಬಿಯ ಅರ್ಧಭಾಗ ದಿನವೂ ನನ್ನ ಪಾಲಿಗೆ ಬರುತ್ತಿತ್ತೆಂಬುದು ಬೇರೆ ಮಾತು.

ನಾನು ಎರವಲು ವಿಭಾಗಕ್ಕೆ ಸೇರಿ ಇಪ್ಪತ್ತೆರಡು ವರ್ಷಗಳಾದವು. ಮೊದಲ ವಾರವೇ ಅಂದವಾಗಿ ಕಾಣಲೆಂದು ಇತಿಹಾಸದ ಇಡೀ ಕಪಾಟನ್ನು ಪುಸ್ತಕಗಳ ಎತ್ತರದ ಪ್ರಕಾರ ಜೋಡಿಸಿಟ್ಟಿದ್ದೆ. ಅವರು ಬೈಯಲಿಲ್ಲ. ಸ್ಟೂಲೊಂದನ್ನು ಎಳೆದುಕೊಂಡು ಎರಡು ದಿನ ನನ್ನೊಂದಿಗೆ ಕುಳಿತು ಎಲ್ಲವನ್ನೂ ಮತ್ತೆ ಸರಿಪಡಿಸಿದರು.

ಊರಿನ ಹಳೆಯ ಫೋಟೊ ಸ್ಟುಡಿಯೊ ಮುಚ್ಚಿದಾಗ ಅಲ್ಲಿದ್ದ ನಾಲ್ಕು ಸಾವಿರ ಗಾಜಿನ ನೆಗೆಟಿವ್‌ಗಳನ್ನು ಹತ್ತಿಯಲ್ಲಿ ಸುತ್ತಿ ತಂದವರು ಅವರೇ. ಆರು ವರ್ಷ ಬಿಡುವಿನ ವೇಳೆಯಲ್ಲೆಲ್ಲ ಒಂದೊಂದನ್ನೂ ಸ್ಕ್ಯಾನ್ ಮಾಡಿದರು. ಆದರೆ ಆ ಚಿತ್ರಗಳಿದ್ದುದು ಹಿಂದಿನ ಕೋಣೆಯ ಒಂದೇ ಕಂಪ್ಯೂಟರಿನಲ್ಲಿ, ನೋಡುವವರೇ ಇರಲಿಲ್ಲ. ಹನ್ನೊಂದು ವರ್ಷಗಳ ಹಿಂದೆ ಆಡಳಿತ ಸಮಿತಿ ತಗಾದೆ ತೆಗೆಯಿತು: ಶನಿವಾರದ ಸಭೆಯೊಳಗೆ ಚಿತ್ರಗಳು ಜನರಿಗೆ ಕಾಣುವಂತಾಗದಿದ್ದರೆ, ಕಂಪ್ಯೂಟರು ಪೆಟ್ಟಿಗೆಗಳ ಸಮೇತ ಎಲ್ಲವನ್ನೂ ಊರಾಚೆಯ ಗೋದಾಮಿಗೆ ಸಾಗಿಸಿ ಬೀಗ ಹಾಕುವುದು. ಆ ಗೋದಾಮಿಗೆ ಹೋದದ್ದು ಮರಳಿ ಬಂದದ್ದನ್ನು ನಾವು ಯಾರೂ ಕಂಡಿಲ್ಲ.

“ನಾನೇ ವೆಬ್‌ಸೈಟ್ ಮಾಡ್ತೀನಿ” ಎಂದರು ಅಕ್ಕ. ಹಿತ್ತಲ ಗಿಡ ಮದ್ದಲ್ಲವಲ್ಲ, ಸಮಿತಿಯವರು ಮುಗುಳ್ನಕ್ಕರು. ಅಕ್ಕನಿಗೆ ಆಗ ನಲವತ್ತೊಂಬತ್ತು. ಇಂಥ ಸಂಗ್ರಹಗಳಿಗೆಂದೇ ರೂಪಿಸಿದ ಮುಕ್ತ ತಂತ್ರಾಂಶವೊಂದು ಯಾರು ಬೇಕಾದರೂ ಬಳಸಬಹುದಾದಂತೆ ಲಭ್ಯವಿದೆ ಎಂದು ಅವರು ಓದಿದ್ದರು. ಬೈಂಡಿಂಗ್ ಕೋಣೆಯಲ್ಲಿ, ಅಂಟಿನ ಡಬ್ಬಗಳ ಪಕ್ಕದಲ್ಲಿ, ಹಳೆಯ ಕಂಪ್ಯೂಟರೊಂದಕ್ಕೆ ಲಿನಕ್ಸ್ ಎಂಬ ಉಚಿತ ಕಾರ್ಯಾಚರಣೆ ವ್ಯವಸ್ಥೆ ಹಾಕಿ ಅದನ್ನೇ ಸರ್ವರ್ ಮಾಡಿಕೊಂಡೆವು. ಸೂಚನೆಗಳನ್ನು ಮುದ್ರಿಸಿಕೊಂಡು ಅವರು ಒಂದೊಂದು ಸಾಲಿಗೂ ಪೆನ್ಸಿಲಿನಲ್ಲಿ ಗುರುತು ಹಾಕುತ್ತ ಓದುವುದು, ನಾನು ಕಪ್ಪು ಪರದೆಯ ಮೇಲೆ ಟೈಪ್ ಮಾಡುವುದು. ಡೇಟಾಬೇಸಿಗೆ ಅವರು ಇಟ್ಟ ಪಾಸ್‌ವರ್ಡ್ ಎಷ್ಟು ಉದ್ದವಿತ್ತೆಂದರೆ ಅದನ್ನು ಮೂರು ಸಲ ನಾನೇ ತಪ್ಪಾಗಿ ಹೊಡೆದೆ. ಅಂತೂ ಶುಕ್ರವಾರ ಬೆಳಿಗ್ಗೆ ಮುಖಪುಟ ತೆರೆದುಕೊಂಡಾಗ ಇಬ್ಬರೂ ಕೈ ಕೈ ಹಿಡಿದು ನಕ್ಕೆವು.

ಮಧ್ಯಾಹ್ನದ ಹೊತ್ತಿಗೆ ನಗು ಇಳಿಯಿತು. ಯಾವ ಚಿತ್ರ ಹಾಕಿದರೂ ‘ಉಳಿಸಲಾಗಲಿಲ್ಲ’ ಎಂಬ ಉತ್ತರ. ನಾನು ತಲೆ ಮೇಲೆ ಕೈ ಹೊತ್ತು ಕುಳಿತೆ. ಅಕ್ಕ ಮಾತ್ರ ಸರ್ವರಿನ ದೋಷಗಳ ದಾಖಲೆಯನ್ನು ತೆರೆದು ಸಾಲು ಸಾಲಾಗಿ ಓದಿ, ಕನ್ನಡಕ ಏರಿಸಿ ನನ್ನತ್ತ ತಿರುಗಿದರು.

“ಚಿತ್ರ ಇಡೋ ಫೋಲ್ಡರಿಗೆ ನೀನೇನಾದ್ರೂ ಮಾಡಿದ್ಯಾ?”

ಮಾಡಿದ್ದೆ. ಓದುವವರು ಓದಲಿ, ಯಾರೂ ಏನನ್ನೂ ಗೀಚಬಾರದು ಎಂಬುದು ಗ್ರಂಥಾಲಯದವರ ರಕ್ತದಲ್ಲೇ ಇರುವ ನಿಯಮವಲ್ಲವೇ? ಅವರು ಚಹಾಕ್ಕೆ ಹೋಗಿದ್ದಾಗ ಆ ಫೋಲ್ಡರನ್ನು ಎಲ್ಲರಿಗೂ ‘ಓದಲು ಮಾತ್ರ’ ಮಾಡಿಟ್ಟಿದ್ದೆ. ಆ ಎಲ್ಲರಲ್ಲಿ ಚಿತ್ರಗಳನ್ನು ಒಳಗಿಡಬೇಕಾದ ತಂತ್ರಾಂಶವೂ ಸೇರಿತ್ತೆಂಬುದು ನನಗೆ ಹೊಳೆದಿರಲಿಲ್ಲ.

ನಾನು ಒಪ್ಪಿಕೊಳ್ಳುವುದಕ್ಕೂ ಸಮಿತಿಯ ಕಾರ್ಯದರ್ಶಿ ಬಾಗಿಲಲ್ಲಿ ನಿಲ್ಲುವುದಕ್ಕೂ ಸರಿಹೋಯಿತು. ನನ್ನ ಬಡ್ತಿಯ ಕಡತ ಅವರ ಮೇಜಿನ ಮೇಲಿದ್ದ ಕಾಲ ಅದು. “ಇನ್ನೂ ಆಗಿಲ್ವಾ? ಯಾರ ತಪ್ಪು?” ಎಂದರು.

“ನಂದೇ ಸರ್. ಒಂದು ಸಾಲು ನೋಡ್ಲಿಲ್ಲ. ಸಂಜೆಯೊಳಗೆ ಆಗುತ್ತೆ” ಎಂದರು ಅಕ್ಕ, ರೆಪ್ಪೆಯೂ ಅಲುಗಿಸದೆ. ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ಇಂದು ಅಚ್ಚಿನಲ್ಲಿ ಹೇಳುತ್ತಿದ್ದೇನೆ: ತಪ್ಪು ನನ್ನದು. ಬಡ್ತಿಯೂ ನನ್ನದಾಯಿತು.

ಕಾರ್ಯದರ್ಶಿ ಹೋದ ಮೇಲೆ ಅವರು ನನಗೆ ಹೇಳಿದ್ದು ಇಷ್ಟೇ: “ದೇವರು ವರ ಕೊಟ್ರೂ ಪೂಜಾರಿ ಕೊಡ ಅಂತಾರಲ್ಲ, ಆ ಪೂಜಾರಿ ನೀನೇ ಕಣೆ. ಹೊಡಿ ಆ ಕಮಾಂಡು.” ತಂತ್ರಾಂಶಕ್ಕೆ ಆ ಫೋಲ್ಡರಿನಲ್ಲಿ ಬರೆಯಲು ಅನುಮತಿ ಕೊಡುವ ಒಂದೇ ಸಾಲು ಹೊಡೆದೆ. ಮೊದಲ ಚಿತ್ರ ಮೂಡಿತು, ಮದುವೆಯ ಗುಂಪೊಂದು. ಮರುದಿನ ಹನ್ನೊಂದಕ್ಕೆ ಸಭೆ ಸೇರಿದಾಗ ಸದಸ್ಯರೆಲ್ಲ ತಂತಮ್ಮ ಫೋನಿನಲ್ಲಿ ಚಿತ್ರ ನೋಡುತ್ತ ಕುಳಿತು, ಗೋದಾಮಿನ ವಿಷಯ ಎತ್ತುವುದನ್ನೇ ಮರೆತರು.

ಮೂರನೆಯ ವಾರ ಎಪ್ಪತ್ತರ ಆಸುಪಾಸಿನ ದರ್ಜಿಯೊಬ್ಬರು ಮಗಳ ಫೋನು ಹಿಡಿದುಕೊಂಡು ಬಂದರು. ತೆರೆಯ ಮೇಲೆ ಒಂದು ದಂಪತಿಯ ಚಿತ್ರ. ಹೆಂಗಸಿನ ಮಡಿಲಲ್ಲಿ ಮಗು. ಅಡಿಯಲ್ಲಿ ‘ಗುರುತು ಸಿಕ್ಕಿಲ್ಲ’ ಎಂಬ ಅಕ್ಕನ ಚೀಟಿ.

“ನಿಂತಿರೋದು ನಮ್ಮಪ್ಪ” ಎಂದರು ಅವರು. “ಹಾಗಾದ್ರೆ ಕೂತಿರೋದು ನಮ್ಮಮ್ಮ. ನಂಗೆ ಎರಡು ವರ್ಷ ಇದ್ದಾಗ್ಲೇ ಹೋದ್ರಮ್ಮ. ಮುಖ ಇವತ್ತೇ ನೋಡಿದ್ದು.”

ಅಕ್ಕ ಅವರನ್ನು ತಮ್ಮ ಕುರ್ಚಿಯಲ್ಲೇ ಕೂರಿಸಿ, ತಾಯಿಯ ಹೆಸರನ್ನು ಅವರ ಕೈಯಿಂದಲೇ ಟೈಪ್ ಮಾಡಿಸಿದರು. ಆ ನಾಲ್ಕು ಅಕ್ಷರಗಳಿಗೆ ಬಹಳ ಹೊತ್ತು ಹಿಡಿಯಿತು. ನಾನು ಕೌಂಟರಿನ ಹಿಂದೆ ನಿಂತು ಅತ್ತೆ.

ಚೀಟಿ ಅಕ್ಕ ಇನ್ನು ಪ್ರತಿ ಮಂಗಳವಾರ ಬರುತ್ತೇನೆಂದು ಮಾತು ಕೊಟ್ಟಿದ್ದಾರೆ. ಅವರಿಗೆ ನೂರು ತುಂಬಲಿ, ಕಣ್ಣು ಚುರುಕಾಗಿರಲಿ, ಕನ್ನಡಕ ಕಳೆಯದಿರಲಿ ಎಂದು ಸಹೋದ್ಯೋಗಿಗಳೆಲ್ಲರ ಪರವಾಗಿ ಹಾರೈಸುತ್ತೇನೆ. ಈ ಹಾರೈಕೆಯಲ್ಲಿ ಸ್ವಾರ್ಥವೂ ಇದೆ: ಗುರುತು ಸಿಗದೆ ಉಳಿದಿರುವ ಒಂಬೈನೂರ ಹನ್ನೆರಡು ಚಿತ್ರಗಳಲ್ಲಿ ಇನ್ನೂ ಯಾರ ಯಾರ ಅಮ್ಮಂದಿರೋ ಕೂತು ಕಾಯುತ್ತಿದ್ದಾರೆ.